ಕಹ್ಹಾಲರಿಂದ ಕಣ್ಣಾಸ್ಪತ್ರೆಯವರೆಗೆ: ದೃಷ್ಟಿರಕ್ಷಣೆಯ ಸಾವಿರ ವರ್ಷಗಳು

ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಮೊದಲ ಸ್ಥಾನ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಲ್ಲು ನೋವಾದರೆ ಆ ದಿನವೇ ವೈದ್ಯರ ಬಳಿ ಓಡುವ ನಾವು, ಕಣ್ಣು ಮಂಜಾದರೆ ವರ್ಷಗಟ್ಟಲೆ ಸಹಿಸಿಕೊಳ್ಳುತ್ತೇವೆ. ಕಣ್ಣಿನ ಎಷ್ಟೋ ರೋಗಗಳು ನೋವು ಕೊಡುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಈ ಅಸಡ್ಡೆ ಇರುವ ನಾವೇ ಕಣ್ಣಿನ ವಿಜ್ಞಾನಕ್ಕೆ ತಳಹದಿ ಹಾಕಿದವರ ಹೆಸರುಗಳನ್ನು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ನಿಜವಾಗಿ ಮಾಡಿದ್ದೇನು, ಅದರಿಂದ ನಾವು ಕಲಿಯಬೇಕಾದ್ದೇನು ಎಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ನೋಡೋಣ.

ಬಗ್ದಾದಿನ ಕಣ್ಣಿನ ವೈದ್ಯರು

ಅರಬಿಯಲ್ಲಿ 'ಕುಹ್ಲ್' ಎಂದರೆ ಸುರ್ಮಾ. ಕಣ್ಣಿಗೆ ಅಂಜನ, ಔಷಧಿ ಹಾಕುವವರನ್ನು 'ಕಹ್ಹಾಲ್' ಎಂದು ಕರೆಯುತ್ತಿದ್ದರು. ಕಾಲಕ್ರಮೇಣ ಈ ಪದ ನುರಿತ ಕಣ್ಣಿನ ವೈದ್ಯ ಎಂಬ ಅರ್ಥ ಪಡೆಯಿತು. ವೈದ್ಯಶಾಸ್ತ್ರದೊಳಗೆ ಕಣ್ಣಿನ ಚಿಕಿತ್ಸೆ ಒಂದು ಪ್ರತ್ಯೇಕ ವಿಭಾಗವಾಗಿ ಬೆಳೆದದ್ದಕ್ಕೆ ಈ ಹೆಸರೇ ಸಾಕ್ಷಿ.

ಇದರ ಆರಂಭದಲ್ಲಿ ಎದ್ದು ಕಾಣುವ ಹೆಸರು ಹುನೈನ್ ಇಬ್ನ್ ಇಸ್‌ಹಾಕ್ (809-873) ಅವರದು. ಅವರು ಕ್ರೈಸ್ತರು. ಅಬ್ಬಾಸಿ ಖಲೀಫರ ಕಾಲದಲ್ಲಿ ಬಗ್ದಾದಿನಲ್ಲಿದ್ದು ಗ್ರೀಕ್ ವೈದ್ಯ ಗ್ಯಾಲೆನ್‌ನ ಕೃತಿಗಳನ್ನು ಅರಬಿ ಮತ್ತು ಸಿರಿಯಾಕ್ ಭಾಷೆಗಳಿಗೆ ತಂದರು. ಕಣ್ಣಿನ ಬಗ್ಗೆ ಅವರು ಬರೆದ ಹತ್ತು ಪ್ರಬಂಧಗಳು ಈ ವಿಷಯದ ಮೇಲೆ ಉಳಿದುಬಂದಿರುವ ಅತಿ ಹಳೆಯ ವ್ಯವಸ್ಥಿತ ಗ್ರಂಥಗಳಲ್ಲಿ ಒಂದು. ಭಾರತದ ಜ್ಞಾನವೂ ಬಗ್ದಾದಿಗೆ ಹೋಗಿತ್ತು. ಕಣ್ಣಿನ 76 ರೋಗಗಳನ್ನು ಎಣಿಸಿ, ಪೊರೆಯ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ ಸುಶ್ರುತ ಸಂಹಿತೆಯನ್ನು ಮಂತ್ರಿ ಯಹ್ಯಾ ಇಬ್ನ್ ಖಾಲಿದ್ ಅವರ ಆದೇಶದ ಮೇರೆಗೆ ಮನ್ಕಾ ಎಂಬ ಭಾರತೀಯ ವೈದ್ಯರು ಅನುವಾದಿಸಿದರೆಂದು ಇಬ್ನ್ ನದೀಮರ 'ಫಿಹ್ರಿಸ್ತ್' ತಿಳಿಸುತ್ತದೆ. ಜ್ಞಾನ ಯಾರದೆಂದು ಕೇಳದೆ, ಅದು ನಿಜವೇ ಎಂದು ಕೇಳಿದ ಕಾಲವದು.

ಕ್ರಿ.ಶ. 1000ದ ಸುಮಾರಿಗೆ ಬಗ್ದಾದಿನ ಅಲಿ ಇಬ್ನ್ ಈಸಾ ಅವರು 'ತದ್ಕಿರತುಲ್ ಕಹ್ಹಾಲೀನ್' ಎಂಬ ಕೈಪಿಡಿ ಬರೆದರು. ಅದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಕಣ್ಣಿನ ರಚನೆ, ಎರಡನೆಯದು ಹೊರಗೆ ಕಾಣುವ ರೋಗಗಳು, ಮೂರನೆಯದು ಹೊರಗೆ ಕಾಣದ ರೋಗಗಳು. ಸುಮಾರು 130 ರೋಗಗಳು ಅದರಲ್ಲಿ ಬರುತ್ತವೆ. ಕಾಣುವ ರೋಗ, ಕಾಣದ ರೋಗ ಎಂಬ ಈ ವಿಂಗಡಣೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿಗೂ ಹೆಚ್ಚು ಅಪಾಯಕಾರಿಯಾದದ್ದು ಎರಡನೆಯ ಗುಂಪೇ.

ಅದೇ ಕಾಲದವರು ಅಮ್ಮಾರ್ ಇಬ್ನ್ ಅಲಿ. ಮೋಸುಲ್‌ನಲ್ಲಿ ಹುಟ್ಟಿ ಈಜಿಪ್ಟಿಗೆ ಹೋಗಿ ನೆಲೆಸಿದವರು. ಅಂದು ಪೊರೆ ಬಂದ ಮಸೂರವನ್ನು ಸೂಜಿಯಿಂದ ಕಣ್ಣಿನೊಳಗೇ ಕೆಳಕ್ಕೆ ತಳ್ಳುವ ಪದ್ಧತಿ ಇತ್ತು. ಅಮ್ಮಾರ್ ಟೊಳ್ಳು ಸೂಜಿಯೊಂದನ್ನು ಬಳಸಿ ಮೆತ್ತಗಿನ ಪೊರೆಯನ್ನು ಹೀರಿ ಹೊರತೆಗೆಯುವ ವಿಧಾನವನ್ನು ವಿವರಿಸಿದರು. ತಾವೇ ಚಿಕಿತ್ಸೆ ಮಾಡಿದ ರೋಗಿಗಳ ವಿವರಗಳನ್ನೂ ಬರೆದಿಟ್ಟರು.

ಇವೆಲ್ಲ ಪುಸ್ತಕದಲ್ಲೇ ಉಳಿಯಲಿಲ್ಲ. 1284ರಲ್ಲಿ ಕೈರೋದಲ್ಲಿ ಆರಂಭವಾದ ಮನ್ಸೂರಿ ಆಸ್ಪತ್ರೆಯಲ್ಲಿ ಜ್ವರ, ಶಸ್ತ್ರಚಿಕಿತ್ಸೆ ಮುಂತಾದವುಗಳ ಜೊತೆಗೆ ಕಣ್ಣುಬೇನೆಯವರಿಗೂ ಪ್ರತ್ಯೇಕ ವಿಭಾಗವಿತ್ತು. ವಕ್ಫ್ ಆದಾಯದಿಂದ ನಡೆಯುತ್ತಿದ್ದ ಆ ಆಸ್ಪತ್ರೆ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ತೆರೆದಿತ್ತು.

ಕಣ್ಣು ಹೇಗೆ ನೋಡುತ್ತದೆ?

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ, ಆದ್ದರಿಂದ ನಮಗೆ ಕಾಣುತ್ತದೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ಹೇಳಿದ್ದರು. ಅಷ್ಟು ದೊಡ್ಡವರ ಮಾತನ್ನು ಪರೀಕ್ಷೆಗೆ ಒಡ್ಡಿದವರು ಬಸರಾದಲ್ಲಿ ಹುಟ್ಟಿ (ಸುಮಾರು 965) ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್. ಪ್ರಖರ ಬೆಳಕನ್ನು ನೋಡಿದರೆ ಕಣ್ಣು ನೋಯುತ್ತದೆ, ಕಣ್ಣು ಮುಚ್ಚಿದ ಮೇಲೂ ಅದರ ಛಾಯೆ ಉಳಿಯುತ್ತದೆ. ಹಾಗಾದರೆ ಹೊರಗಿನಿಂದ ಏನೋ ಕಣ್ಣಿನೊಳಗೆ ಬರುತ್ತಿದೆ ಎಂದಾಯಿತು. ಕತ್ತಲೆ ಕೋಣೆಯ ಸಣ್ಣ ರಂಧ್ರದ ಎದುರು ಹಲವು ದೀಪಗಳನ್ನಿಟ್ಟು, ಒಂದನ್ನು ಮರೆಮಾಡಿದರೆ ಗೋಡೆಯ ಮೇಲಿನ ಅದರ ಬೆಳಕಿನ ಚುಕ್ಕೆ ಮಾತ್ರ ಮಾಯವಾಗುವುದನ್ನೂ ಅವರು ತೋರಿಸಿದರು. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂಬುದು ಅವರ 'ಕಿತಾಬುಲ್ ಮನಾಝಿರ್' ಗ್ರಂಥದ ಸಾರ.

ಈ ಗ್ರಂಥ ಲ್ಯಾಟಿನ್‌ಗೆ ಅನುವಾದವಾಗಿ, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯುನೆಸ್ಕೋ 2015ನ್ನು ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಈ ಗ್ರಂಥದ ಸಾವಿರ ವರ್ಷವನ್ನೂ ಸ್ಮರಿಸಿತು. ಪದಗಳಲ್ಲೂ ಆ ಕಾಲದ ಗುರುತು ಉಳಿದಿದೆ. ಕಣ್ಣಿನ ಹಿಂಭಾಗದ ಪರದೆಯನ್ನು ಅರಬಿಯಲ್ಲಿ 'ಶಬಕಿಯ್ಯಾ', ಅಂದರೆ ಬಲೆಯಂಥದ್ದು ಎಂದರು. ಅದೇ ಅರ್ಥದ ಲ್ಯಾಟಿನ್ ಪದವೇ ಇಂದಿನ 'ರೆಟಿನಾ'. ಪೊರೆಯನ್ನು 'ಇಳಿದು ಬಂದ ನೀರು' ಎಂದು ಕರೆಯುತ್ತಿದ್ದುದರಿಂದ ಲ್ಯಾಟಿನ್‌ನಲ್ಲಿ ಜಲಪಾತ ಎಂಬರ್ಥದ 'ಕ್ಯಾಟರಾಕ್ಟ್' ಬಂತು. ನಮ್ಮ ಮನೆಗಳಲ್ಲಿ ಮೋತಿಬಿಂದು ಎನ್ನುವುದೂ ಇದನ್ನೇ.

ಹಾಗೆಂದು ಎಲ್ಲವನ್ನೂ ಅವರೇ ಕಂಡುಹಿಡಿದರು ಎನ್ನುವುದು ಸರಿಯಲ್ಲ. ಹುನೈನ್ ಅವರು ಮಸೂರ ಕಣ್ಣಿನ ನಟ್ಟನಡುವೆ ಇದೆಯೆಂದು ಭಾವಿಸಿದ್ದರು. ನೋಡುವ ಶಕ್ತಿ ಮಸೂರದಲ್ಲಿದೆ ಎಂದು ಇಬ್ನುಲ್ ಹೈಸಮ್ ನಂಬಿದ್ದರು. ಚಿತ್ರ ಮೂಡುವುದು ರೆಟಿನಾದ ಮೇಲೆ ಎಂದು 1604ರಲ್ಲಿ ವಿವರಿಸಿದವರು ಕೆಪ್ಲರ್. ಹಿಂದಿನವರನ್ನು ಪ್ರಶ್ನಿಸುವುದನ್ನೇ ಕಲಿಸಿಹೋದ ಗುರುಗಳ ತಪ್ಪನ್ನು ತಿದ್ದುವುದು ಅವರಿಗೆ ತೋರುವ ಗೌರವವೇ ಹೊರತು ಅವಮಾನವಲ್ಲ.

ಹೊಸ ಕಾಲ, ನಮ್ಮ ನಾಡು

ಹದಿಮೂರನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಕನ್ನಡಕ ಬಂತು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು ಜೀವಂತ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಪರಿಚಯಿಸಿದರು. ಅಲಿ ಇಬ್ನ್ ಈಸಾ ಅವರು 'ಕಾಣದ ರೋಗಗಳು' ಎಂದವುಗಳಲ್ಲಿ ಎಷ್ಟೋ ಆಗ ಕಣ್ಣಿಗೆ ಬಿದ್ದವು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಅವರು ಪೊರೆ ತೆಗೆದ ಕಣ್ಣಿಗೆ ಕೃತಕ ಮಸೂರ ಅಳವಡಿಸಿದರು. ಯುದ್ಧವಿಮಾನದ ಚಾಲಕರ ಕಣ್ಣಿಗೆ ಸಿಡಿದ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದನ್ನು ಗಮನಿಸಿದ್ದೇ ಅವರಿಗೆ ದಾರಿಯಾಯಿತು.

ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಕಣ್ಣಿನ ಆಸ್ಪತ್ರೆಯೇ ಮುಂದೆ ಮಿಂಟೋ ಆಸ್ಪತ್ರೆ ಎಂದು ಹೆಸರಾಯಿತು. ಆದರೆ ಹಳ್ಳಿಯ ವೃದ್ಧರಿಗೆ ಬೆಂಗಳೂರು ಬಹಳ ದೂರವಿತ್ತು. ಆ ದೂರವನ್ನು ಕಡಿಮೆ ಮಾಡಿದವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ರೋಗಿ ಬರುವುದನ್ನು ಕಾಯದೆ ತಾವೇ ಊರೂರಿಗೆ ಹೋಗಿ, ಶಿಬಿರಗಳನ್ನು ನಡೆಸಿ ಉಚಿತ ಶಸ್ತ್ರಚಿಕಿತ್ಸೆ ಮಾಡಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು, 1993ರ ಫೆಬ್ರುವರಿಯವರೆಗೆ ಒಟ್ಟು ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 2005ರಲ್ಲಿ ಅವರು ನಿಧನರಾದರು. ವಿದ್ಯೆ ಜನರ ಬಾಗಿಲಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅವರ ಬದುಕು ದೊಡ್ಡ ಉದಾಹರಣೆ.

ಇನ್ನೊಂದು ಉದಾಹರಣೆ ಟ್ರಕೋಮಾ. ರೆಪ್ಪೆಯ ಒಳಭಾಗ ಒರಟಾಗಿ, ಕೂದಲು ಒಳಕ್ಕೆ ತಿರುಗಿ ಕಣ್ಣನ್ನು ಉಜ್ಜಿ ಕೊನೆಗೆ ಕುರುಡುತನ ತರುವ ಅಂಟುರೋಗವಿದು. ಬಗ್ದಾದಿನ ವೈದ್ಯರು ಇದನ್ನು 'ಜರಬ್' ಎಂದು ಕರೆದು ನಾಲ್ಕು ಬಗೆಗಳಾಗಿ ವಿಂಗಡಿಸಿದ್ದರು. ಭಾರತ ಸರಕಾರ 1963ರಲ್ಲಿ ಇದರ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿತು. ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಈ ರೋಗದ ವಿರುದ್ಧ ಔಷಧಿ, ಶಸ್ತ್ರಚಿಕಿತ್ಸೆಗಳಷ್ಟೇ ಮುಖ್ಯವಾದ ಅಸ್ತ್ರಗಳು ಮುಖ ತೊಳೆಯುವ ಅಭ್ಯಾಸ ಮತ್ತು ಶುದ್ಧ ನೀರು. ಸಾವಿರ ವರ್ಷ ಕಾಡಿದ ರೋಗವೂ ದಿನನಿತ್ಯದ ಅಭ್ಯಾಸಕ್ಕೆ ಮಣಿಯಿತು.

ಇತಿಹಾಸದಿಂದ ನಿತ್ಯಜೀವನಕ್ಕೆ

ಇಂದು ನಮ್ಮ ಎದುರಿಗಿರುವುದು 'ಕಾಣದ ರೋಗಗಳು'. ಸಕ್ಕರೆ ಕಾಯಿಲೆ ರೆಟಿನಾದ ಸೂಕ್ಷ್ಮ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ದೃಷ್ಟಿ ಕುಂದಿದ ಮೇಲೆ ಹೋದರೆ ಹೋದದ್ದೆಲ್ಲ ಮರಳಿ ಬರುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗ್ಲಾಕೋಮಾ ಇನ್ನೂ ಕಳ್ಳ ರೋಗ. ಅದು ಸಾಮಾನ್ಯವಾಗಿ ದೃಷ್ಟಿಯ ಅಂಚಿನಿಂದ ತಿನ್ನುತ್ತಾ ಬರುತ್ತದೆ. ಹೋದ ದೃಷ್ಟಿಯನ್ನು ಮರಳಿಸಲಾಗದು, ಉಳಿದದ್ದನ್ನು ಕಾಪಾಡಬಹುದು ಅಷ್ಟೆ. ನಲವತ್ತು ದಾಟಿದವರು, ಅದರಲ್ಲೂ ಮನೆಯ ಹಿರಿಯರಿಗೆ ಈ ರೋಗವಿದ್ದವರು, ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಬೇಕು.

ಮಕ್ಕಳ ವಿಷಯ ಇನ್ನೂ ಮುಖ್ಯ. ಕರಿಹಲಗೆ ಕಾಣದ ಮಗು 'ನನಗೆ ಕಾಣುವುದಿಲ್ಲ' ಎಂದು ಹೇಳುವುದಿಲ್ಲ, ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದುಕೊಳ್ಳುತ್ತದೆ. ನಾವು ಅದನ್ನು ದಡ್ಡ ಎನ್ನುತ್ತೇವೆ. ಮೆಳ್ಳೆಗಣ್ಣನ್ನು ಅದೃಷ್ಟವೆಂದು ಬಿಟ್ಟರೆ ಆ ಕಣ್ಣು ಸೋಮಾರಿಯಾಗುತ್ತದೆ. ಚಿಕಿತ್ಸೆ ಏಳೆಂಟು ವರ್ಷದೊಳಗೆ ಆದರೆ ಹೆಚ್ಚು ಫಲಕಾರಿ. ಹೆಣ್ಣುಮಗಳಿಗೆ ಕನ್ನಡಕ ಹಾಕಿಸಿದರೆ ಮದುವೆಗೆ ತೊಂದರೆ ಎಂಬ ಅಂಜಿಕೆಯಿಂದ ಅವಳ ಓದನ್ನೇ ಬಲಿಕೊಡುವುದು ದೊಡ್ಡ ಅನ್ಯಾಯ. ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಲಿ. ಹಗಲು ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆ ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಬರುವ ಸಂಭವ ಕಡಿಮೆ. ಮೊಬೈಲು, ಕಂಪ್ಯೂಟರಿನ ಮುಂದೆ ಕೂರುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು, ಆಗಾಗ ರೆಪ್ಪೆ ಮಿಟುಕಿಸಬೇಕು.

ಕಹ್ಹಾಲರಿಗೆ ಹೆಸರು ಕೊಟ್ಟ ಸುರ್ಮಾದ ಬಗ್ಗೆಯೂ ಒಂದು ಮಾತು. ಮಾರುಕಟ್ಟೆಯಲ್ಲಿ ಸಿಗುವ ಹಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಆದ್ದರಿಂದ ಹಸುಗೂಸುಗಳ ಕಣ್ಣಿಗೆ ಅದನ್ನು ಹಚ್ಚಬಾರದು. ಕಣ್ಣು ಕೆಂಪಾದಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ತಂದು ಹಾಕುವುದೂ ತಪ್ಪು. ಸ್ಟಿರಾಯ್ಡ್ ಇರುವ ಹನಿಗಳನ್ನು ಬಹುಕಾಲ ಬಳಸಿದರೆ ಗ್ಲಾಕೋಮಾ ಬರಬಹುದು. ಎಲೆಯಡಿಕೆಯ ಸುಣ್ಣ ಕಣ್ಣಿಗೆ ಸಿಡಿದರೆ ತಕ್ಷಣ ಹದಿನೈದು ನಿಮಿಷವಾದರೂ ಶುದ್ಧ ನೀರು ಹರಿಸಿ ತೊಳೆದು ಆಸ್ಪತ್ರೆಗೆ ಧಾವಿಸಬೇಕು.

ವಿದ್ಯಾರ್ಥಿಗಳೇ, ಇಬ್ನುಲ್ ಹೈಸಮರ ಹೆಸರು ಭಾಷಣಕ್ಕೆ ಭೂಷಣ, ನಿಜ. ಆದರೆ ಕೇಳಿದ್ದನ್ನು ಪರೀಕ್ಷಿಸಿ ನೋಡು ಎಂದ ಅವರ ವಾರಸುದಾರರು ನಾವಾಗಬೇಕಾದರೆ ಮೊದಲು ನಮ್ಮ ಕಣ್ಣನ್ನೇ ಪರೀಕ್ಷೆಗೆ ಒಡ್ಡಬೇಕು. ಈ ರಜೆಯಲ್ಲಿ ಮನೆಯ ಅಜ್ಜ ಅಜ್ಜಿಯನ್ನು ಒಬ್ಬೊಬ್ಬರು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿ. ತಮ್ಮ ತಂಗಿಯರ ಒಂದೊಂದೇ ಕಣ್ಣು ಮುಚ್ಚಿಸಿ, ದೂರದ ಕ್ಯಾಲೆಂಡರಿನ ಅಂಕಿ ಓದಿಸಿ ನೋಡಿ. ಓದಲು ತಡವರಿಸಿದರೆ ಗದರಿಸದೆ ವೈದ್ಯರಿಗೆ ತೋರಿಸಿ.