ಮೇಜು ಅವರದು, ಎಲೆ ಅವರದು: ಆನ್‌ಲೈನ್ ಕ್ಯಾಸಿನೊದ ಹಳೇ ಆಟಗಳ ಲೆಕ್ಕ ಹೊಸಬರಿಗೆ

ಉಗಾದಿ ಮಾರನೇ ದಿನ, ಹೊಸತೊಡಕಿನ ಬಾಡೂಟ ಮುಗಿದ ಮೇಲೆ, ಮಂಡ್ಯ ಕಡೆಯ ನಮ್ಮೂರಿನ ಅರಳಿಕಟ್ಟೆ ಹಿಂದೆ ಟವೆಲ್ ಹಾಸಿ ಅಂದರ್-ಬಾಹರ್ ಆಡುತ್ತಿದ್ದರು. ನಾನಾಗ ಹೈಸ್ಕೂಲ್ ಹುಡುಗ. ನಿಂತು ನೋಡುವುದಷ್ಟೇ ನನ್ನ ಪಾಲಿಗೆ. ಈಗ ಅದೇ ಆಟ ಫೋನಿನೊಳಗೆ ಬಂದು ಕೂತಿದೆ. ಟವೆಲ್ ಬದಲು ಹಸಿರು ಮೇಜು, ನಮ್ಮೂರಿನ ಎಲೆ ಹಾಕುವವನ ಬದಲು ನಗುನಗುತ್ತಾ ಮಾತಾಡುವ ಡೀಲರ್.

ಈ ಬರಹಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಗಣಿತದಲ್ಲಿ ದಡ್ಡನೇನಲ್ಲ. ಒಂದು ರಾತ್ರಿ ಫೋನ್ ಮಾಡಿ, "ಅಣ್ಣ, ರೂಲೆಟ್‌ನಲ್ಲಿ ಬರೀ ಕೆಂಪಿಗೇ ಹಾಕ್ತಾ, ಸೋತಾಗೆಲ್ಲ ಡಬಲ್ ಮಾಡ್ತಾ ಹೋದ್ರೆ ಕೊನೆಗೊಂದ್ಸಲ ಗೆಲ್ಲಲೇಬೇಕಲ್ವಾ?" ಅಂದ. ಪ್ರಶ್ನೆ ಬಂದ ರೀತಿಯಲ್ಲೇ ಗೊತ್ತಾಯಿತು, ಅಷ್ಟು ಹೊತ್ತಿಗಾಗಲೇ ಸೋತಿದ್ದ. ಹಾಸ್ಟೆಲ್ ಫೀಸಿಗೆಂದು ಚಿಕ್ಕಪ್ಪ ಕಳಿಸಿದ್ದ 15,000 ರೂಪಾಯಿಯಲ್ಲಿ ಉಳಿದದ್ದು 2,300.

ಬೈಯುವುದರಿಂದ ಪ್ರಯೋಜನವಿರಲಿಲ್ಲ. ಕೂತು ಲೆಕ್ಕ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ರೂಲೆಟ್: ಆ ಒಂದು ಹಸಿರು ಮನೆ

ರೂಲೆಟ್ ಹದಿನೆಂಟನೇ ಶತಮಾನದ ಫ್ರಾನ್ಸಿನ ಆಟ. ತಿರುಗುವ ಚಕ್ರದಲ್ಲಿ 1ರಿಂದ 36ರವರೆಗಿನ ಮನೆಗಳು, ಅರ್ಧ ಕೆಂಪು, ಅರ್ಧ ಕಪ್ಪು. ಜೊತೆಗೆ ಹಸಿರು ಬಣ್ಣದ ಒಂದು ಸೊನ್ನೆ. ಚೆಂಡು ಯಾವ ಮನೆಗೆ ಬೀಳುತ್ತದೋ ಆ ನಂಬರು ಗೆದ್ದಂತೆ. ನೀವು ಒಂದೇ ನಂಬರಿಗೆ 100 ರೂಪಾಯಿ ಕಟ್ಟಿ ಗೆದ್ದರೆ 3,500 ಲಾಭ. ಕೆಂಪು ಅಥವಾ ಕಪ್ಪಿಗೆ ಕಟ್ಟಿ ಗೆದ್ದರೆ 100ಕ್ಕೆ 100.

ಈಗ ಗಮನಿಸಿ. ಮನೆಗಳಿರುವುದು 37, ಹಣ ಕೊಡುವುದು ಮಾತ್ರ 36 ಮನೆಗಳೇ ಇವೆ ಎಂಬ ಲೆಕ್ಕದಲ್ಲಿ. ಆ ಒಂದು ಮನೆಯ ವ್ಯತ್ಯಾಸವೇ ಕ್ಯಾಸಿನೊದ ಸಂಪಾದನೆ. 37ರಲ್ಲಿ ಒಂದು, ಅಂದರೆ ಶೇ 2.70. ಇದನ್ನು 'ಹೌಸ್ ಎಡ್ಜ್' ಅಂತಾರೆ, ನಾನು ಮನೆಪಾಲು ಅನ್ನುತ್ತೇನೆ. ಅಮೆರಿಕನ್ ರೂಲೆಟ್‌ನಲ್ಲಿ ಎರಡು ಸೊನ್ನೆ ಇರುತ್ತವೆ, ಕೊಡುವ ಹಣ ಮಾತ್ರ ಅಷ್ಟೇ. ಅಲ್ಲಿ ಮನೆಪಾಲು ಶೇ 5.26ಕ್ಕೆ ಏರುತ್ತದೆ. 1843ರಲ್ಲಿ ಜರ್ಮನಿಯ ಹೊಂಬುರ್ಗ್ ಪಟ್ಟಣದಲ್ಲಿ ಬ್ಲಾಂಕ್ ಸಹೋದರರು ಒಂದೇ ಸೊನ್ನೆಯ ಚಕ್ರ ತಂದದ್ದು ಆಟಗಾರರ ಮೇಲಿನ ಕರುಣೆಯಿಂದಲ್ಲ, ಬೇರೆ ಜೂಜುಮನೆಗಳ ಗಿರಾಕಿಗಳನ್ನು ಎಳೆಯುವುದಕ್ಕೆ. ಪಾಲು ಸಣ್ಣದಾದರೂ ಜನ ಹೆಚ್ಚಾದರೆ ಸಾಕು ಎಂಬ ವ್ಯಾಪಾರದ ಬುದ್ಧಿ ಆಗಲೇ ಇತ್ತು.

ತಮ್ಮನ 'ಡಬಲ್' ಉಪಾಯಕ್ಕೆ ಬರೋಣ. ಇದಕ್ಕೆ ಮಾರ್ಟಿಂಗೇಲ್ ಎಂಬ ಹೆಸರಿದೆ, ಅದೂ ಹಳೆಯದೇ. 100ರಿಂದ ಶುರು ಮಾಡಿ ಸೋತಾಗೆಲ್ಲ ದುಪ್ಪಟ್ಟು: 200, 400, 800, 1,600, 3,200, 6,400. ಏಳು ಸಲ ಸತತ ಸೋತರೆ ಹೋದದ್ದು 12,700. ಎಂಟನೆಯದಕ್ಕೆ 12,800 ಬೇಕು, ಕೈಯಲ್ಲಿರುವುದು 2,300. ಗೆದ್ದಿದ್ದರೂ ಸಿಗುತ್ತಿದ್ದ ಒಟ್ಟು ಲಾಭ ಎಷ್ಟು? ಬರೀ 100! ಏಳು ಸಲ ಸತತ ಸೋಲುವುದು ಅಪರೂಪವಾ ಅಂದರೆ, ಸುಮಾರು 106 ಪ್ರಯತ್ನಗಳಲ್ಲಿ ಒಂದು. ದಿನಕ್ಕೆ ಹತ್ತು ಸಲ ಈ ಆಟ ಶುರು ಮಾಡುವವನಿಗೆ ಅದು ಹನ್ನೊಂದು ದಿನದ ಮಾತು. ಮಧ್ಯೆ ನೂರು-ನೂರು ಅಂತ ಬಂದ ಲಾಭವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಜೇಬಿನಲ್ಲಿ ದುಡ್ಡಿದ್ದರೂ ಪ್ರತಿ ಮೇಜಿಗೂ ಗರಿಷ್ಠ ಪಣದ ಮಿತಿ ಇರುತ್ತದೆ, ಅದು ದಾಟಿದ ಮೇಲೆ ಡಬಲ್ ಮಾಡಲು ಬಿಡುವುದಿಲ್ಲ.

"ಆರು ಸಲ ಕಪ್ಪೇ ಬಂದಿತ್ತಲ್ಲಣ್ಣ, ಏಳನೇದು ಕೆಂಪು ಬರಬೇಕಿತ್ತು" ಅಂದ. ಬರಬೇಕು ಅಂತೇನೂ ಇಲ್ಲ. ಚೆಂಡಿಗೆ ನೆನಪಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಸತತ 26 ಸಲ ಕಪ್ಪೇ ಬಂತು. 'ಇನ್ನೇನು ಕೆಂಪು' ಅಂತ ಪಣ ಏರಿಸುತ್ತಾ ಹೋದವರು ಅವತ್ತು ರಾತ್ರಿ ಲಕ್ಷಗಟ್ಟಲೆ ಫ್ರಾಂಕ್ ಕಳೆದುಕೊಂಡರು. ಆ್ಯಪ್‌ಗಳು ಹಿಂದಿನ ಸುತ್ತುಗಳ ಫಲಿತಾಂಶವನ್ನು ಪರದೆಯ ಮೂಲೆಯಲ್ಲಿ ಸಾಲಾಗಿ ತೋರಿಸುವುದು ಯಾಕೆ ಅಂತ ಯೋಚಿಸಿ. ಆ ಮಾಹಿತಿಯಿಂದ ನಿಮಗೆ ಎಳ್ಳಷ್ಟೂ ಉಪಯೋಗವಿಲ್ಲ. ಅವರಿಗಿದೆ.

ಬ್ಲ್ಯಾಕ್‌ಜಾಕ್: ಬುದ್ಧಿಗೆ ಸ್ವಲ್ಪ ಜಾಗ

ಇಸ್ಪೀಟ್ ಎಲೆಗಳನ್ನು ಕೂಡಿ 21ರ ಹತ್ತಿರ ಬರಬೇಕು, ದಾಟಬಾರದು. ರಾಜ, ರಾಣಿ, ಗುಲಾಮ ತಲಾ ಹತ್ತು. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. ನಿಮ್ಮ ಎದುರಾಳಿ ಡೀಲರ್ ಮಾತ್ರ, ಅವನಿಗೆ ಸ್ವಂತ ತೀರ್ಮಾನ ಇಲ್ಲ. 17 ಮುಟ್ಟುವವರೆಗೆ ಎಲೆ ಎತ್ತಲೇಬೇಕು, ಮುಟ್ಟಿದ ಮೇಲೆ ನಿಲ್ಲಬೇಕು.

ಹಾಗಾದರೆ ಕ್ಯಾಸಿನೊಗೆ ಲಾಭ ಎಲ್ಲಿಂದ? ಮೊದಲು ಆಡುವವರು ನೀವು. ನೀವು 21 ದಾಟಿದರೆ ಆ ಕ್ಷಣವೇ ದುಡ್ಡು ಹೋಯಿತು. ಆಮೇಲೆ ಡೀಲರ್ ಕೂಡ ದಾಟಿದರೂ ನಿಮ್ಮದು ವಾಪಸ್ ಬರೋದಿಲ್ಲ. ಇಡೀ ಆಟದ ಗುಟ್ಟು ಇಷ್ಟೇ.

ಯಾವ ಕೈಗೆ ಏನು ಮಾಡಬೇಕೆಂಬ ಲೆಕ್ಕವನ್ನು ಗಣಿತಜ್ಞರು 1950ರ ದಶಕದಲ್ಲೇ ಹಾಕಿಟ್ಟಿದ್ದಾರೆ. ಉದಾಹರಣೆಗೆ ಡೀಲರ್ ತೋರಿಸಿದ ಎಲೆ 6 ಆಗಿದ್ದು ನಿಮ್ಮ ಮೊತ್ತ 13 ಇದ್ದರೆ, ಕೈ ಎಷ್ಟೇ ತುರಿಸಿದರೂ ನಿಲ್ಲಬೇಕು. ಈ ಪಟ್ಟಿಯನ್ನು ತಪ್ಪದೆ ಪಾಲಿಸಿದರೆ, ನಿಯಮ ಒಳ್ಳೆಯದಿರುವ ಮೇಜಿನಲ್ಲಿ ಮನೆಪಾಲು ಶೇ 0.5ರ ಆಸುಪಾಸಿಗೆ ಇಳಿಯುತ್ತದೆ. ಅಂದಾಜಿನ ಮೇಲೆ ಆಡಿದರೆ ಅದರ ಹಲವು ಪಟ್ಟು. ಎರಡು ಕಡೆ ಎಚ್ಚರ ಬೇಕು. ಮೊದಲೆರಡು ಎಲೆಯಲ್ಲೇ 21 ಬಂದರೆ 100ಕ್ಕೆ 150 ಕೊಡುವುದು ಹಳೇ ಪದ್ಧತಿ. ಈಗ ಕೆಲವು ಮೇಜುಗಳಲ್ಲಿ 120 ಮಾತ್ರ. 30 ರೂಪಾಯಿ ತಾನೇ ಅನಿಸುತ್ತದೆ, ಆದರೆ ಅಂಥ ಕೈ ಸುಮಾರು 21 ಆಟಕ್ಕೊಂದು ಬರುವುದರಿಂದ ಮನೆಪಾಲಿಗೆ ಶೇ 1.4 ಸೇರುತ್ತದೆ, ಪಟ್ಟಿ ಓದಿ ಉಳಿಸಿದ್ದೆಲ್ಲ ಹೋಗುತ್ತದೆ. ಇನ್ನೊಂದು, ಡೀಲರ್‌ಗೆ ಎಕ್ಕ ಬಿದ್ದಾಗ 'ಇನ್ಶೂರೆನ್ಸ್' ಬೇಕಾ ಅಂತ ಕೇಳುತ್ತಾರೆ. ಹೆಸರು ಮಾತ್ರ ವಿಮೆ. ಅದರಲ್ಲಿ ಮನೆಪಾಲು ಶೇ 7ಕ್ಕೂ ಜಾಸ್ತಿ.

ಎಲೆ ಎಣಿಸಿ ಕ್ಯಾಸಿನೊ ಸೋಲಿಸಿದ ಕಥೆ ನೀವೂ ಸಿನಿಮಾದಲ್ಲಿ ನೋಡಿರುತ್ತೀರಿ. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು 1962ರಲ್ಲಿ 'ಬೀಟ್ ದ ಡೀಲರ್' ಬರೆದು ಅದು ಸಾಧ್ಯ ಅಂತ ತೋರಿಸಿದ್ದು ನಿಜ. ಆದರೆ ಸಾಫ್ಟ್‌ವೇರ್ ಬ್ಲ್ಯಾಕ್‌ಜಾಕ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಆಟಕ್ಕೂ ಎಲೆಗಳನ್ನು ಹೊಸದಾಗಿ ಕಲಸಲಾಗುತ್ತದೆ. ಎಣಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಬ್ಯಾಕರಾ: ಕೂತು ನೋಡುವ ಆಟ

ಮಕಾವ್‌ನ ಕ್ಯಾಸಿನೊಗಳ ಆದಾಯದಲ್ಲಿ ಸಿಂಹಪಾಲು ಇದರದ್ದು. 'ಪ್ಲೇಯರ್', 'ಬ್ಯಾಂಕರ್' ಎಂಬ ಎರಡು ಕಡೆಗೂ ಎಲೆ ಬೀಳುತ್ತದೆ, ಮೊತ್ತದ ಕೊನೆಯ ಅಂಕಿ 9ಕ್ಕೆ ಯಾವುದು ಹತ್ತಿರವೋ ಅದು ಗೆದ್ದಿತು. ಯಾವ ಕಡೆ ಅಂತ ಪಣ ಕಟ್ಟಿದ ಮೇಲೆ ನಿಮಗೆ ಬೇರೆ ಕೆಲಸವೇ ಇಲ್ಲ. ಬ್ಯಾಂಕರ್ ಮೇಲೆ ಮನೆಪಾಲು ಶೇ 1.06 (ಗೆದ್ದಾಗ ಶೇ 5 ಕಮಿಷನ್ ಹಿಡಿದ ಮೇಲೆ), ಪ್ಲೇಯರ್ ಮೇಲೆ ಶೇ 1.24. ಸಮ ಬರುತ್ತದೆಂದು ಕಟ್ಟಿದರೆ ಒಂದಕ್ಕೆ ಎಂಟು ಕೊಡುತ್ತಾರೆ, ಕೇಳಲು ಚೆಂದ, ಮನೆಪಾಲು ಮಾತ್ರ ಶೇ 14.36!

ಅಂದರ್-ಬಾಹರ್: ನಮ್ಮದೇ, ಆದರೆ ಹತ್ತು ಪೈಸೆ ಕಡಿಮೆ

ನಮ್ಮ ಪೇಪರ್‌ಗಳ ಒಳಪುಟದಲ್ಲಿ 'ಅಂದರ್-ಬಾಹರ್: ಎಂಟು ಮಂದಿ ಬಂಧನ' ಎಂಬ ಸುದ್ದಿ ಇಲ್ಲದ ವಾರವಿಲ್ಲ. ನಿಯಮ ಮಗುವಿಗೂ ಗೊತ್ತಾಗುವಂಥದ್ದು. ಒಂದು ಎಲೆ ಬಿಚ್ಚಿಡುತ್ತಾರೆ, ಅದು ಏಳು ಅಂದುಕೊಳ್ಳಿ. ಆಮೇಲೆ ಒಳಗೊಂದು ಹೊರಗೊಂದು ಅಂತ ಎಲೆ ಹಾಕುತ್ತಾ ಹೋಗುತ್ತಾರೆ. ಇನ್ನೊಂದು ಏಳು ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು.

ಮೊದಲ ಎಲೆ ಯಾವ ಕಡೆಗೆ ಬೀಳುತ್ತದೋ ಆ ಕಡೆಗೆ ಸಣ್ಣ ಅನುಕೂಲ ಇದೆ: 100ಕ್ಕೆ ಸುಮಾರು 51.5 ಸಲ ಅದೇ ಗೆಲ್ಲುತ್ತದೆ. ನಮ್ಮೂರಲ್ಲಿ ಇದನ್ನು ಯಾರೂ ಲೆಕ್ಕ ಹಾಕಿರಲಿಲ್ಲ, ಎರಡೂ ಕಡೆ ಸಮ-ಸಮ. ದುಡ್ಡು ಈ ಜೇಬಿನಿಂದ ಆ ಜೇಬಿಗೆ ಹೋಗಿ ಊರಲ್ಲೇ ಉಳಿಯುತ್ತಿತ್ತು. ಆನ್‌ಲೈನ್ ಮೇಜಿನಲ್ಲಿ ಸಾಮಾನ್ಯವಾಗಿ ಮೊದಲು ಎಲೆ ಬೀಳುವ ಅಂದರ್ ಗೆದ್ದರೆ 100ಕ್ಕೆ 90, ಬಾಹರ್ ಗೆದ್ದರೆ 100. ಲೆಕ್ಕ ಹಾಕಿದರೆ ಅಂದರ್ ಕಡೆ ಶೇ 2.15, ಬಾಹರ್ ಕಡೆ ಶೇ 3 ಮನೆಪಾಲು. ಯಾವ ಕಡೆ ಕಟ್ಟಿದರೂ ಮೇಜಿನವನಿಗೆ ಕೂಲಿ ಸಿಕ್ಕೇ ಸಿಗುತ್ತದೆ. ಊರಿನ ಆಟ ಒಳ್ಳೆಯದಿತ್ತು ಅಂತಲ್ಲ, ಹೊಸತೊಡಕಿನ ಸಂಜೆ ಹೆಂಡತಿಯರು ಕಟ್ಟೆ ಹತ್ತಿರ ಬಂದು ಕೂಗಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆ ಆಟಕ್ಕೆ ಕತ್ತಲಾಗುತ್ತಿತ್ತು.

ಪರದೆಗೆ ಕತ್ತಲಿಲ್ಲ

ಶೇ 2.7 ಅಂದರೆ ಸಣ್ಣದು ಅನಿಸುತ್ತದೆ. ಸೈಟ್‌ಗಳೂ ಇದನ್ನು ತಿರುಗಿಸಿ 'ಶೇ 97.3 ವಾಪಸ್' ಅಂತ ಹಾಕಿಕೊಳ್ಳುತ್ತವೆ. ಆದರೆ ಈ ಪಾಲು ನೀವು ತುಂಬಿದ ದುಡ್ಡಿನ ಮೇಲಲ್ಲ, ಕಟ್ಟುವ ಪ್ರತಿ ಪಣದ ಮೇಲೆ. 1,000 ರೂಪಾಯಿ ತುಂಬಿ, ಸುತ್ತಿಗೆ 50ರಂತೆ ನಿಮಿಷಕ್ಕೊಂದು ಸುತ್ತು ಆಡಿದರೆ, ಗಂಟೆಗೆ ಒಟ್ಟು ಕಟ್ಟಿದ ಪಣ 3,000. ಸರಾಸರಿ ನಷ್ಟ 81. ಡೀಲರ್ ಇಲ್ಲದ ಸಾಫ್ಟ್‌ವೇರ್ ಚಕ್ರದಲ್ಲಿ ನಿಮಿಷಕ್ಕೆ ಐದು ಸುತ್ತು ಒತ್ತಿದರೆ ಗಂಟೆಗೆ 405. ಅದೇ ಸಾವಿರ ರೂಪಾಯಿ, ಅದೇ ಶೇ 2.7. ಬದಲಾದದ್ದು ಬೆರಳಿನ ವೇಗ ಮಾತ್ರ.

ಬೋನಸ್ ಇನ್ನೊಂದು ಗಾಳ. '10,000 ಬೋನಸ್' ಅಂತಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ '30 ಪಟ್ಟು ಆಡಿದ ಮೇಲೆ ತೆಗೆಯಬಹುದು'. ಅಂದರೆ ಮೂರು ಲಕ್ಷದ ಪಣ. ಶೇ 2.7ರಂತೆ ಸರಾಸರಿ 8,100 ಅಲ್ಲೇ ಹೋಯಿತು. ಅಲ್ಲದೆ ಎಷ್ಟೋ ಕಡೆ ಮೇಜಿನ ಆಟದ ಪಣವನ್ನು ಪೂರ್ತಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದೆಲ್ಲ ಸೈಟ್ ಪ್ರಾಮಾಣಿಕವಾಗಿದ್ದರೆ ಮಾತ್ರ. ತಮ್ಮ ಉಳಿದ 2,300 ವಾಪಸ್ ಕೇಳಿದಾಗ 'ಪರಿಶೀಲನೆ ಶುಲ್ಕ' ಅಂತ 1,000 ಕಟ್ಟಲು ಹೇಳಿದರು. ಕಟ್ಟಿದ. ಆಮೇಲೆ ಚಾಟ್‌ನಲ್ಲಿ ಉತ್ತರವೇ ಇಲ್ಲ.

ಕಾನೂನು ಯಾರನ್ನು ಹಿಡಿಯುತ್ತದೆ

ಕೌಶಲದ ಆಟ, ಅದೃಷ್ಟದ ಆಟ ಎಂಬ ಗೆರೆ ನಮ್ಮಲ್ಲಿ ಹಳೆಯದು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಕೌಶಲದ ಆಟ ಎಂದಿತು. ರೂಲೆಟ್, ಬ್ಯಾಕರಾ, ಅಂದರ್-ಬಾಹರ್‌ಗಳನ್ನು ಆ ಗೆರೆಯ ಈಚೆಗೆ ತರಲು ಯಾವ ವಕೀಲನಿಂದಲೂ ಆಗಲಿಕ್ಕಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಒಟ್ಟಿಗೆ ಸೇರಿಸಿದ್ದಕ್ಕೆ 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಗೆರೆಯನ್ನೇ ಅಳಿಸಿತು. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಎರಡೇ ದಿನದಲ್ಲಿ, ಸರಿಯಾದ ಚರ್ಚೆಯಿಲ್ಲದೆ ಒಂದು ಇಡೀ ಉದ್ಯಮದ ಹಣೆಬರಹ ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಹೊಸ ಕಾಯ್ದೆಯ ಪ್ರಕಾರ ಕೌಶಲವೋ ಅದೃಷ್ಟವೋ, ಹಣ ಕಟ್ಟಿಸಿಕೊಂಡು ಆಡಿಸುವಂತಿಲ್ಲ. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಅದು ಸರಿಯಾದ ತೀರ್ಮಾನವೇ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ.

ಆದರೆ ಮೊದಲು ಬಾಗಿಲು ಹಾಕಿದ್ದು ದೇಶದೊಳಗೆ ನೋಂದಾಯಿಸಿ ತೆರಿಗೆ ಕಟ್ಟುತ್ತಿದ್ದ ರಮ್ಮಿ, ಪೋಕರ್ ಕಂಪನಿಗಳು. ರೂಲೆಟ್, ಅಂದರ್-ಬಾಹರ್ ಆಡಿಸುವವರು ಮೊದಲಿಂದಲೂ ಹೆಚ್ಚಾಗಿ ಹೊರದೇಶದಲ್ಲೇ ಇದ್ದರು, ಕ್ಯುರಸಾವ್ ಥರದ ದ್ವೀಪಗಳ ಲೈಸೆನ್ಸ್ ತೋರಿಸಿಕೊಂಡು. ಒಂದು ವಿಳಾಸ ಮುಚ್ಚಿದರೆ ಇನ್ನೊಂದು. ಹಣ ಹೋಗುವುದು ಬಾಡಿಗೆಗೆ ಪಡೆದ ಯಾರದೋ ಬ್ಯಾಂಕ್ ಖಾತೆಗೆ, ಎಷ್ಟೋ ಸಲ ನಮ್ಮ ನಿಮ್ಮಂಥ ವಿದ್ಯಾರ್ಥಿಗಳದ್ದೇ ಖಾತೆಗೆ. ನಾಲ್ಕು ಸಾವಿರ ಕಮಿಷನ್ನಿಗೆ ಖಾತೆ ಕೊಟ್ಟವನ ಮನೆಗೆ ಪೊಲೀಸರು ಬರುತ್ತಾರೆ. ಅತ್ತ ಅರಳಿಕಟ್ಟೆ ಹಿಂದೆ ಟವೆಲ್ ಹಾಸಿದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87 ಬೀಳುತ್ತಲೇ ಇದೆ, ಹೆಸರು, ವಯಸ್ಸು, ವಶಪಡಿಸಿಕೊಂಡ 3,420 ರೂಪಾಯಿ ಎಲ್ಲ ಪೇಪರಿನಲ್ಲಿ.

ಈಗಾಗಲೇ ದುಡ್ಡು ಸಿಕ್ಕಿಹಾಕಿಕೊಂಡಿದ್ದರೆ 'ವಾಪಸ್ ಬರೋಕೆ ಇನ್ನಷ್ಟು ಕಟ್ಟಿ' ಎಂಬ ಮಾತಿಗೆ ಬಲಿಯಾಗದೆ ಕೂಡಲೇ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ ಯುಟಿಆರ್ ನಂಬರು, ಹಣ ಹೋದ ಖಾತೆಯ ಹೆಸರು, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಎಷ್ಟು ಬೇಗ ದೂರು ಹೋಗುತ್ತದೋ, ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಆಟ ಬಿಡಲಾಗದೆ ಒದ್ದಾಡುತ್ತಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ತಮ್ಮ 1930ಕ್ಕೆ ಫೋನ್ ಮಾಡಿದ್ದು ನಾಲ್ಕು ದಿನ ಬಿಟ್ಟು, ಅಪ್ಪನಿಗೆ ಹೇಳೋದು ಹೇಗೆ ಅಂತ ಯೋಚಿಸುತ್ತಾ ಕೂತಿದ್ದ. ಅಷ್ಟು ಹೊತ್ತಿಗೆ ಆ ಖಾತೆ ಖಾಲಿಯಾಗಿತ್ತು.