ಅಲುಗುವ ಶಿಲ್ಪ ಮಕ್ಕಳ ಕೈಗೆ ಬಂದ ಬಗೆ

ಶಿಲ್ಪವೆಂದರೆ ಇಟ್ಟಲ್ಲೇ ಇರಬೇಕಾದದ್ದು ಎಂಬ ನಂಬಿಕೆ ಯುರೋಪಿನ ಕಲಾವಿದರಲ್ಲಿ ಸಡಿಲವಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. 1913ರಲ್ಲಿ ಮಾರ್ಸೆಲ್ ದುಶಾಂಪ್ ಪ್ಯಾರಿಸ್ಸಿನಲ್ಲಿ ಸ್ಟೂಲಿನ ಮೇಲೆ ಸೈಕಲ್ಲಿನ ಚಕ್ರವೊಂದನ್ನು ಕೂರಿಸಿ ತಿರುಗಿಸಿದ. 1920ರಲ್ಲಿ ನೌಮ್ ಗಾಬೋ ಮತ್ತು ಅವನ ಅಣ್ಣ ಆಂಟನ್ ಪೆವ್ಸ್ನರ್, ಕಲೆಯಲ್ಲಿ ಚಲನೆಗೂ ಸ್ಥಾನ ಬೇಕೆಂದು ಮಾಸ್ಕೋದಲ್ಲಿ ಘೋಷಿಸಿದರು. ಗಾಬೋ ಮೋಟಾರಿನಿಂದ ಕಂಪಿಸುವ ಸರಳೊಂದನ್ನು ಮಾಡಿಯೂ ತೋರಿಸಿದ. ಇವು ದೊಡ್ಡವರ ವಾದಗಳಿಗೆ ಸಾಮಗ್ರಿಯಾದವು. ಶಾಲೆಯ ಮಕ್ಕಳಿಗೆ ದಾರಿ ತೆರೆದದ್ದು ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್.

1898ರಲ್ಲಿ ಹುಟ್ಟಿದ ಕಾಲ್ಡರನ ಅಜ್ಜ, ಅಪ್ಪ ಇಬ್ಬರೂ ಶಿಲ್ಪಿಗಳು, ತಾಯಿ ಚಿತ್ರಕಾರ್ತಿ. ಅವನು ಓದಿದ್ದು ಮಾತ್ರ ಮೆಕ್ಯಾನಿಕಲ್ ಎಂಜಿನಿಯರಿಂಗ್. 1909ರ ಕ್ರಿಸ್‌ಮಸ್‌ಗೆ ಹುಡುಗ ಕಾಲ್ಡರ್ ಹಿತ್ತಾಳೆ ತಗಡನ್ನು ಕತ್ತರಿಸಿ, ಬಗ್ಗಿಸಿ, ತಂದೆತಾಯಿಗೆ ಒಂದು ನಾಯಿ, ಒಂದು ಬಾತುಕೋಳಿ ಮಾಡಿಕೊಟ್ಟ. ಬಾತುಕೋಳಿಯನ್ನು ಮೆಲ್ಲಗೆ ತಟ್ಟಿದರೆ ಅದು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. 1926ರಲ್ಲಿ ಪ್ಯಾರಿಸ್ ಸೇರಿದ ಮೇಲೆ ತಂತಿ, ಬಟ್ಟೆಚೂರು, ಬೆಂಡುಗಳಿಂದ ಪುಟ್ಟ ಸರ್ಕಸ್ಸೊಂದನ್ನು ಕಟ್ಟಿ, ನೆಲದ ಮೇಲೆ ಕುಳಿತು ತಾನೇ ಆಡಿಸತೊಡಗಿದ. ಮುಂದಿನ ಅವನ ಕೆಲಸವೆಲ್ಲ ಈ ಆಟದಿಂದಲೇ ಬೆಳೆದದ್ದು.

1930ರಲ್ಲಿ ಅವನು ಪೀಟ್ ಮೊಂಡ್ರಿಯನ್‌ನ ಚಿತ್ರಶಾಲೆಗೆ ಹೋದ. ಗೋಡೆಯ ಮೇಲಿದ್ದ ಬಣ್ಣದ ಆಯತಗಳನ್ನು ಕಂಡು, ಇವು ಅಲುಗಿದರೆ ಚೆನ್ನ ಎಂದುಕೊಂಡ. ಮರುವರ್ಷ ಅವನ ಚಲಿಸುವ ಕೃತಿಗಳಿಗೆ ದುಶಾಂಪ್ ‘ಮೊಬೈಲ್’ ಎಂದು ಹೆಸರಿಟ್ಟ. ಮೊದಮೊದಲು ಕೆಲವಕ್ಕೆ ಮೋಟಾರು, ಕೆಲವಕ್ಕೆ ಹಿಡಿಕೆ ಇದ್ದವು. ಬೇಗನೆ ಅವನ್ನೂ ಬಿಟ್ಟು, ಮೇಲಿನಿಂದ ತೂಗುಬಿಟ್ಟು ಗಾಳಿಗೇ ಕೆಲಸ ವಹಿಸಿದ. ಮೋಟಾರು ಹೋದದ್ದೇ ಶಾಲೆಗಳಿಗೆ ವರವಾಯಿತು: ತಂತಿ, ದಾರ, ರಟ್ಟು ಇದ್ದರೆ ಸಾಕು.

ಮೊಬೈಲನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಕಡ್ಡಿಯ ಎರಡು ತುದಿಗೆ ಎರಡು ಆಕಾರ ತೂಗುಹಾಕಿ, ಕಡ್ಡಿಯನ್ನು ಬೆರಳಿನ ಮೇಲಿಟ್ಟು ಅತ್ತಿತ್ತ ಸರಿಸಿದರೆ ಅದು ಸಮನಾಗಿ ನಿಲ್ಲುವ ಜಾಗ ಸಿಗುತ್ತದೆ. ದಾರ ಕಟ್ಟುವುದು ಅಲ್ಲಿಯೇ. 30 ಸೆಂ.ಮೀ. ಉದ್ದದ ಹಗುರ ಕಡ್ಡಿಯ ಒಂದು ತುದಿಗೆ 10 ಗ್ರಾಂ, ಇನ್ನೊಂದಕ್ಕೆ 20 ಗ್ರಾಂ ಇದ್ದರೆ, ದಾರ ಭಾರದ ತುದಿಯಿಂದ ಸುಮಾರು 10 ಸೆಂ.ಮೀ. ದೂರಕ್ಕೆ ಬರುತ್ತದೆ. ಹೀಗೆ ಕಟ್ಟಿದ ಇಡೀ ಜೋಡಣೆ ಮೇಲಿನ ಕಡ್ಡಿಯ ಒಂದು ತುದಿಗೆ ಭಾರವಾಗುತ್ತದೆ, ಸಮತೋಲದ ಹುಡುಕಾಟ ಮತ್ತೆ ಮೊದಲಾಗುತ್ತದೆ. ಆ ಜಾಗವನ್ನು ಟೀಚರೇ ಗುರುತು ಹಾಕಿ ಕೊಟ್ಟರೆ ಮಗುವಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸವಷ್ಟೇ.

ಕಲಿಕೆಯಲ್ಲಿ ಸಮತೋಲಕ್ಕೆ ಜಾಗ ಕೊಟ್ಟವರಲ್ಲಿ ಜರ್ಮನಿಯ ಬೌಹೌಸ್ ಶಾಲೆ ಮುಂಚೂಣಿಯದು. 1923ರಿಂದ 1928ರವರೆಗೆ ಅಲ್ಲಿ ಪಾಠ ಹೇಳಿದ ಲಾಸ್ಲೋ ಮೊಹೋಲಿ-ನಾಜ್, ಮರ, ಗಾಜು, ಲೋಹದ ತುಂಡುಗಳನ್ನು ತೂಕ ತಪ್ಪದಂತೆ ನಿಲ್ಲಿಸುವ ಅಭ್ಯಾಸಗಳನ್ನು ಮಾಡಿಸುತ್ತಿದ್ದ. ಆದರೆ ಅಲ್ಲಿನ ವಿದ್ಯಾರ್ಥಿಗಳು ವಯಸ್ಕರು.

ಎಳೆಯ ಮಕ್ಕಳ ಮಟ್ಟಿಗೆ ಮುಖ್ಯ ಹೆಜ್ಜೆ ಇಟ್ಟವರು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗ ನಡೆಸುತ್ತಿದ್ದ ವಿಕ್ಟರ್ ಡಿ’ಅಮಿಕೋ. 1942ರಲ್ಲಿ ಅವರು ಆರಂಭಿಸಿದ ಮಕ್ಕಳ ಕಲಾ ಕಾರ್ನಿವಲ್ ನಾಲ್ಕರಿಂದ ಹನ್ನೆರಡು ವರ್ಷದವರಿಗೆ ಮೀಸಲು. ತಂದೆತಾಯಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಬಾಗಿಲೂ ಮಕ್ಕಳ ಅಳತೆಯದೇ. ಮೊದಲು ಮಂದ ಬೆಳಕಿನ ಕೋಣೆ: ಅಲ್ಲಿ ತಿರುಗಿಸಿ, ಮುಟ್ಟಿ, ಜೋಡಿಸಿ ನೋಡುವ ಆಟಿಕೆಗಳು. ಅದನ್ನು ದಾಟಿದರೆ ಬೆಳಕು ತುಂಬಿದ ಕಾರ್ಯಶಾಲೆ, ಅಲ್ಲಿ ಮಕ್ಕಳು ಚಿತ್ರ ಬರೆಯುತ್ತಿದ್ದರು, ಬಗೆಬಗೆಯ ಚೂರುಗಳನ್ನು ಕೂಡಿಸಿ ರಚನೆಗಳನ್ನು ಕಟ್ಟುತ್ತಿದ್ದರು. ಮಾಡಿ ತೋರಿಸಿ ನಕಲು ಮಾಡಿಸುವುದನ್ನೂ ಚಿತ್ರಸ್ಪರ್ಧೆಗಳನ್ನೂ ಡಿ’ಅಮಿಕೋ ಕಟುವಾಗಿ ವಿರೋಧಿಸಿದರು. ಮೊದಲು ಕೈಗೆ ಚಲನೆಯ ಅನುಭವ, ಆಮೇಲೆ ರಚನೆ ಎಂಬ ಅವರ ಕ್ರಮ ಇಂದಿಗೂ ಪ್ರಾಥಮಿಕ ಶಾಲೆಗೆ ಹೊಂದುವಂಥದ್ದು.

ಕಾರ್ನಿವಲ್ 1957ರಲ್ಲಿ ಮಿಲಾನ್ ಮತ್ತು ಬಾರ್ಸಿಲೋನಾಗಳಿಗೂ, 1958ರಲ್ಲಿ ಬ್ರಸೆಲ್ಸಿನ ವಿಶ್ವಮೇಳಕ್ಕೂ ಹೋಯಿತು. 1962ರಲ್ಲಿ ಭಾರತಕ್ಕೆ ಬಂದಿದ್ದ ಜಾಕ್ವೆಲಿನ್ ಕೆನಡಿ, ಇಲ್ಲಿನ ಮಕ್ಕಳಿಗೆಂದು ಅದನ್ನು ಇಂದಿರಾ ಗಾಂಧಿಯವರಿಗೆ ಉಡುಗೊರೆಯಾಗಿ ಕೊಟ್ಟರು. ದೆಹಲಿಯ ಬಾಲ ಭವನಕ್ಕೆ ಸಂದ ಈ ಕಾರ್ನಿವಲ್ ದೇಶದ ಇತರ ನಗರಗಳಲ್ಲೂ ಸಂಚರಿಸಿತು. ಡಿ’ಅಮಿಕೋ ನಿವೃತ್ತರಾದ 1969ರಲ್ಲೇ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಅದೇ ಹೆಸರಿನ ಕೇಂದ್ರವೊಂದು ಬೆಟ್ಟಿ ಬ್ಲೇಟನ್ ಅವರ ಮುಂದಾಳತ್ವದಲ್ಲಿ ಆರಂಭವಾಯಿತು.