ಕಂಬಳಿಯ ಪಟ್ಟೆಯೂ ಕಥೆಯ ಎಳೆಯೂ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಮೊಮ್ಮಗಳು ಎರಡು ಕಡ್ಡಿಗಳನ್ನೂ ಏಳೆಂಟು ಬಣ್ಣದ ನೂಲಿನ ಉಂಡೆಗಳನ್ನೂ ಮುಂದಿಟ್ಟುಕೊಂಡು, ಪಡಸಾಲೆಯಲ್ಲಿ ಕುಳಿತು ಪಟ್ಟೆ ಪಟ್ಟೆಯ ಒಂದು ಕೊರಳವಸ್ತ್ರವನ್ನು ಹೆಣೆಯುತ್ತಿದ್ದಳು. ನಮ್ಮ ಕಡೆಯ ಚಳಿಗೆ ಮೂರು ಮೊಳದ ಮಫ್ಲರು ಧಾರಾಳವಾಯಿತು. ಇವಳ ವಸ್ತ್ರವಾದರೋ ದಿನದಿನಕ್ಕೆ ಬೆಳೆದು ಚಾಪೆಯನ್ನು ದಾಟಿ ಹೊಸ್ತಿಲಿನವರೆಗೆ ಬಂದಿತು. ಇಷ್ಟು ಉದ್ದವೇಕೆಂದು ಕೇಳಲು, ತಾನು ಮೆಚ್ಚಿದ ಒಂದು ಅದ್ಭುತಕಥೆಯ ನಾಯಕನು ಇಂಥದನ್ನೇ ಧರಿಸುವನೆಂದು ಹೇಳಿ, "ಅಜ್ಜಾ, ಹಿಂಗ ಕಥಿ ಇರೋ ಅರಿವಿ ನಮ್ಮ ಕಡೆ ಯಾವುದೂ ಇಲ್ಲೇನು?" ಎಂದು ಕೇಳಿದಳು. ಆ ಹೊತ್ತಿಗೆ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಈ ಲೇಖನವು ಆ ಉತ್ತರದ ಪ್ರಯತ್ನವೆಂದು ವಾಚಕರು ತಿಳಿಯಬೇಕು.

ಮೊದಲು ಅವಳ ಕಥೆಯ ಸಂಗತಿ. ಆಂಗ್ಲರ ದೇಶದ ಬಿ.ಬಿ.ಸಿ. ಸಂಸ್ಥೆಯು ೧೯೬೩ರಲ್ಲಿ 'ಡಾಕ್ಟರ್ ಹೂ' ಎಂಬ ದೂರದರ್ಶನದ ಕಥಾಮಾಲೆಯನ್ನು ಆರಂಭಿಸಿತು. ಕಾಲದಲ್ಲಿಯೂ ಆಕಾಶದಲ್ಲಿಯೂ ಇಚ್ಛೆ ಬಂದಂತೆ ಸಂಚರಿಸುವ ಒಬ್ಬ ಪಥಿಕನೇ ಅದರ ನಾಯಕನು. ೧೯೭೪ರಲ್ಲಿ ಟಾಮ್ ಬೇಕರನೆಂಬ ನಟನು ಆ ಪಾತ್ರವನ್ನು ವಹಿಸಿದಾಗ, ಉಡುಪುಗಳ ಯೋಜಕನಾದ ಜೇಮ್ಸ್ ಆಚೆಸನ್ನನು ಬೆಗೋನಿಯಾ ಪೋಪ್ ಎಂಬ ಹೆಣಿಗೆಯ ಮಹಿಳೆಯ ಬಳಿಗೆ ಹಲವು ಬಣ್ಣದ ಉಣ್ಣೆಯ ನೂಲನ್ನು ಹೇರಳವಾಗಿ ಕಳುಹಿಸಿದನು. ಆರಿಸಿಕೊಳ್ಳಲೆಂದು ಕೊಟ್ಟ ನೂಲನ್ನು ಆಕೆಯು ಒಂದು ಉಂಡೆಯನ್ನೂ ಉಳಿಸದೆ ಹೆಣೆದುಬಿಟ್ಟಳು! ವಸ್ತ್ರವು ಅಳತೆ ಮೀರಿ ಉದ್ದವಾಯಿತು. ನಟನು ಅದನ್ನೇ ಕೊರಳಿಗೆ ಸುತ್ತಿಕೊಂಡು ರಂಗಕ್ಕೆ ಬಂದನು. ಕ್ರಮೇಣ ಆ ವಸ್ತ್ರವೇ ಆ ಪಾತ್ರದ ಲಾಂಛನವಾಯಿತು. ಇಲ್ಲಿ ಕಥೆಯು ವಸ್ತ್ರವನ್ನು ಹುಟ್ಟಿಸಲಿಲ್ಲ. ಕೈಯು ನಿಲ್ಲಲಾರದೆ ಹೆಣೆದ ವಸ್ತ್ರವನ್ನು ಕಥೆಯು ತನ್ನದಾಗಿ ಮಾಡಿಕೊಂಡಿತು. ಮುಂದೆ ಹೇಳತಕ್ಕ ವಿಷಯಕ್ಕೆ ಇದು ಉಪಯೋಗವಾಗುವುದು.

ಹೆಣಿಗೆಯೂ ನೆಯ್ಗೆಯೂ ಒಂದೇ ಅಲ್ಲ. ನೆಯ್ಗೆಗೆ ಹಾಸು, ಹೊಕ್ಕು ಎಂಬ ಎರಡು ನೂಲುಗಳೂ ಮಗ್ಗವೂ ಬೇಕು. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ನಡೆಯುವುದು. ಒಂದು ಕುಣಿಕೆ ಜಾರಿದರೆ ಕೆಳಗಿನದೂ ಬಿಚ್ಚಿಕೊಳ್ಳುವುದು. ಈ ವಿದ್ಯೆಯ ಹಳೆಯ ಕುರುಹುಗಳು ಈಜಿಪ್ಟಿನಲ್ಲಿ ದೊರೆತ ನೀಲಿ-ಬಿಳಿ ಹತ್ತಿನೂಲಿನ ಕಾಲುಚೀಲಗಳು. ಅವು ಸುಮಾರು ೧೧ರಿಂದ ೧೪ನೆಯ ಶತಮಾನದವರೆಗಿನವು. ೧೫೮೯ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬವನು ಕಾಲುಚೀಲಗಳನ್ನು ಹೆಣೆಯುವ ಯಂತ್ರವನ್ನು ಕಲ್ಪಿಸಿದನು. ನಮ್ಮ ದೇಶದ ಮನೆಗಳಿಗೆ ಕಡ್ಡಿಯ ಹೆಣಿಗೆಯು ಬಹುಮಟ್ಟಿಗೆ ೧೯ನೆಯ ಶತಮಾನದಲ್ಲಿ ಯುರೋಪಿಯನ್ನರಿಂದ ಬಂದಿತು. ಆದುದರಿಂದ ಕಡ್ಡಿಯಿಂದ ಹೆಣೆದ ವಸ್ತ್ರಕ್ಕೆ ನಮ್ಮಲ್ಲಿ ಪುರಾತನವಾದ ಕಥೆಯನ್ನು ಹುಡುಕುವುದು ವ್ಯರ್ಥ. ಉಣ್ಣೆಗೆ ಮಾತ್ರ ನಮ್ಮಲ್ಲಿ ಕಥೆಯುಂಟು.

'ಕಂಬಳಿ'ಯು ಸಂಸ್ಕೃತದ 'ಕಂಬಲ'ದ ಬಂಧುವೇ ಆಗಿರುವುದು. ಪಾಠಶಾಲೆಯಲ್ಲಿ ಅಷ್ಟಾಧ್ಯಾಯಿಯನ್ನು ಉರುಹಚ್ಚುವಾಗ ನಾವು ಅರ್ಥವನ್ನು ವಿಚಾರಿಸದೆ ದಾಟಿದ ಸೂತ್ರಗಳಲ್ಲಿ ಕಂಬಲದ ಸೂತ್ರವೂ ಒಂದು. ಅದರಿಂದ 'ಕಂಬಲ್ಯ' ಎಂಬ ಶಬ್ದವು ಸಿದ್ಧವಾಗುವುದು. ೧೦೦ ಪಲ ತೂಕದ ಉಣ್ಣೆಗೆ ಆ ಹೆಸರೆಂದು ವೃತ್ತಿಕಾರರು ಹೇಳುವರು. ವ್ಯಾಕರಣಕಾರನು ಪ್ರತ್ಯೇಕವಾಗಿ ನೆನೆಯುವಷ್ಟು ಆ ಅಳತೆಯು ವ್ಯವಹಾರದಲ್ಲಿತ್ತು. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಕುರಿಯುಣ್ಣೆಯ ಬಟ್ಟೆಗಳ ಬಣ್ಣಗಳೂ, ಹೊದಿಕೆ, ಹಾಸಿಗೆ, ಕುದುರೆಯ ಬೆನ್ನಿನ ಹಾಸು ಮೊದಲಾದ ಭೇದಗಳೂ ಹೇಳಲ್ಪಟ್ಟಿವೆ. ಸೂತ್ರವು ನನ್ನ ಬಾಯಲ್ಲಿತ್ತು. ಕಂಬಳಿಯು ನನ್ನ ಊರ ಬೀದಿಯಲ್ಲಿತ್ತು. ಇವೆರಡೂ ಒಂದೇ ಎಂಬುದು ನನಗೆ ಹೊಳೆಯಲು ಬಹು ವರ್ಷಗಳು ಬೇಕಾದವು.

ಇನ್ನು ನಮ್ಮ ಸೀಮೆಗೆ ಬರೋಣ. ಆಳಂದದ ಕಡೆಯಿಂದ ಹರಿದುಬರುವ ಅಮರಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುವುದು. ಭೀಮೆಯು ಮುಂದೆ ಜೇವರ್ಗಿಯ ನೆಲವನ್ನು ತೋಯಿಸುವುದು. ಜೋಳವೂ ತೊಗರಿಯೂ ಬೆಳೆಯುವ ಈ ಎರೆಯ ನಾಡಿನಲ್ಲಿ ಕುರಿಯ ಹಿಂಡು ಎಂದೂ ಪರಕೀಯವಾಗಿರಲಿಲ್ಲ. ಫಸಲು ಕೊಯ್ದ ಮೇಲೆ ಒಕ್ಕಲಿಗನು ಹಿಂಡನ್ನು ರಾತ್ರಿ ತನ್ನ ಹೊಲದಲ್ಲಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುವನು. ಹಾಲುಮತದವರ ಡೊಳ್ಳಿನ ಹಾಡುಗಳಲ್ಲಿ ಕುರಿಯ ಹುಟ್ಟಿನ ಕಥೆಯೊಂದುಂಟು. ಪದ್ಮಣ್ಣನೆಂದೂ ಪದ್ಮಗೊಂಡನೆಂದೂ ಬೇರೆ ಬೇರೆ ಪಾಠಗಳಲ್ಲಿ ಹೆಸರುಳ್ಳ ಒಬ್ಬ ಬೇಸಾಯಗಾರನ ಮಗನಿದ್ದನು. ಅವನು ನೆಲವನ್ನು ಹಸನುಮಾಡುವಾಗ ಒಂದು ಹುತ್ತವನ್ನು ಕೆದಕಲು, ಅದರೊಳಗಿಂದ ಎಣಿಸಲಾರದಷ್ಟು ಕುರಿಗಳು ಹೊರಟು ಬಂದವು. ನೇಗಿಲನ್ನು ಬಿಟ್ಟು ಅವನು ಅವುಗಳ ಹಿಂದೆ ನಡೆದನು. ಮುಂದೆ ಅವನಿಗೆ ಇಬ್ಬರು ಹೆಂಡಿರಾಗಿ, ಒಬ್ಬಳ ಸಂತತಿಯವರು ಮದುವೆಯಲ್ಲಿ ಹತ್ತಿಯ ಕಂಕಣವನ್ನೂ ಮತ್ತೊಬ್ಬಳ ಸಂತತಿಯವರು ಉಣ್ಣೆಯ ಕಂಕಣವನ್ನೂ ಕಟ್ಟಿಕೊಳ್ಳತೊಡಗಿದರೆಂದು ಒಂದು ಪಾಠವು ಹೇಳುವುದು. ಹತ್ತಿಕಂಕಣ, ಉಣ್ಣೆಕಂಕಣ ಎಂಬ ಎರಡು ಪಂಗಡಗಳ ಹೆಸರುಗಳು ಇಂದಿಗೂ ಇರುವುವು. ಮೊಮ್ಮಗಳ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವೇನು? ಅವಳು ಕಥೆಯನ್ನು ಮೆಚ್ಚಿ ಕೊರಳಿಗೆ ಸುತ್ತಿಕೊಳ್ಳುವಳು. ಇವರು ಕಥೆಯನ್ನು ನಂಬಿ ಮುಂಗೈಗೆ ಕಟ್ಟಿಕೊಳ್ಳುವರು.

ಕಂಬಳಿಯ ಕೆಲಸವು ಒಬ್ಬರಿಂದ ಆಗುವಂಥದಲ್ಲ. ದಖನಿ ಜಾತಿಯ ಕುರಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ದೊರೆಯುವ ಉಣ್ಣೆಯು ಅರ್ಧ ಕಿಲೋಗ್ರಾಮಿನ ಆಸುಪಾಸಿನಲ್ಲಿರುವುದು. ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಕೂಡಬೇಕು. ಕರಿದು, ಬಿಳಿದು, ಕಂದು ಎಂದು ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಹಿಂಜಿ, ಹೆಂಗಸರು ನೂಲುವರು. ಹಾಸನ್ನು ಹೂಡಿ, ಹುಣಿಸೆಬೀಜದ ಗಂಜಿಯನ್ನು ಕುಂಚದಿಂದ ಸವರಿ, ಬಿಸಿಲಿಗೆ ಒಣಗಿಸಿದ ಮೇಲೆ ಗಂಡಸರು ಗುಂಡಿಯ ಮಗ್ಗದಲ್ಲಿ ನೆಯ್ಯುವರು. ಬಣ್ಣದ ಬಾನೆಯ ಗೊಡವೆ ಇಲ್ಲ. ಕರಿಯ ಮೈಗೆ ಅಂಚಿನಲ್ಲಿ ಬಿಳಿಯ ಪಟ್ಟೆಗಳನ್ನು ಎಳೆಯುವಾಗ ಕುರಿಯ ಬಣ್ಣವೇ ಬಣ್ಣ. ಒರಟಾದ ಈ ಬಟ್ಟೆಯ ಗುಣವು ಅಸಾಧಾರಣವಾದುದು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸದು. ಅದನ್ನು ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡವನು ಜಡಿಮಳೆಯಲ್ಲಿಯೂ ಹಿಂಡಿನೊಡನೆ ನಿಲ್ಲಬಲ್ಲನು. ಹಬ್ಬದಲ್ಲಿ ಅದೇ ಕಂಬಳಿಯು ದೇವರಿಗೆ ಗದ್ದುಗೆಯಾಗುವುದು.

ನೇಕಾರನ ಕಥೆಯನ್ನು ಹೇಳುವಾಗ ದಾಸಿಮಯ್ಯನನ್ನು ಬಿಡಲಾಗದು. ಜೇವರ್ಗಿಯಿಂದ ದಕ್ಷಿಣಕ್ಕೆ, ಈಗಿನ ಯಾದಗಿರಿ ಜಿಲ್ಲೆಯ ಮುದನೂರು ಆತನ ಊರು. ರಾಮನಾಥನು ಆತನ ಇಷ್ಟದೈವ. ಕಾಲವು ೧೧ನೆಯ ಶತಮಾನ. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬರೋ ಇಬ್ಬರೋ ಎಂಬ ವಾದವು ವಿದ್ವಾಂಸರಲ್ಲಿ ನಡೆದಿರುವುದು. ಕಥೆಗೆ ಅದರಿಂದ ಬಾಧೆಯಿಲ್ಲ. ಆತನು ಬಹು ಶ್ರಮದಿಂದ ನೆಯ್ದ ಬಟ್ಟೆಯನ್ನು ಸಂತೆಗೆ ಒಯ್ದರೆ ಬೆಲೆ ಕಟ್ಟಬಲ್ಲವರು ಯಾರೂ ದೊರೆಯಲಿಲ್ಲ. ಮರಳಿ ಬರುವಾಗ ಶಿವನು ಮುದಿ ಜಂಗಮನಾಗಿ ಬಂದು ಆ ಬಟ್ಟೆಯನ್ನು ಬೇಡಿ ಪಡೆದು, ಅವನ ಕಣ್ಣೆದುರಿಗೇ ಹರಿದು ತುಂಡು ತುಂಡಾಗಿ ಮೈಗೆ ಸುತ್ತಿಕೊಂಡನು. ದಾಸಿಮಯ್ಯನು ಮುಖವನ್ನು ಬಾಡಿಸಲಿಲ್ಲ. ಶಿವನು ಮೆಚ್ಚಿ ಬರಿದಾಗದ ತವನಿಧಿಯನ್ನು ಕೊಟ್ಟನು. ನೆಯ್ದವನ ಶ್ರಮಕ್ಕೆ ಸಂತೆಯು ಬೆಲೆಯನ್ನು ಕಾಣದೆ ಹೋದರೂ ಬೇಡಿದವನ ಚಳಿಯು ಕಂಡಿತು ಎಂದು ನಾನು ಈ ಕಥೆಯನ್ನು ಅರ್ಥಮಾಡುತ್ತೇನೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕಾಗಿದೆ. ನಾನು ಅಧ್ಯಾಪಕನಾದ ಹೊಸದರಲ್ಲಿ ಭೀಮಾತೀರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಶ್ರಾವಣದ ಒಂದು ಮುಂಜಾನೆ ಕುರಿಗಾರರ ಮನೆಯ ಹುಡುಗನೊಬ್ಬನು ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಂದನು. ಒದ್ದೆಯುಣ್ಣೆಯ ವಾಸನೆಗೆ ಮೂಗು ಮುರಿದು, "ಅದನ್ನು ಹೊರಗಿಟ್ಟು ಬಾ" ಎಂದೆನು. ಅವನು ಇಟ್ಟುಬಂದನು. ಸಂಜೆಯವರೆಗೆ ಕಂಬಳಿಯು ಇರಿಚಲಿಗೆ ತೋಯ್ದು ತೋಯ್ದು ಅವನಿಂದ ಎತ್ತಲಾರದಷ್ಟು ಭಾರವಾಯಿತು. ಅಂದಿನಿಂದ ಮಳೆಯ ದಿವಸಗಳಲ್ಲಿ ಆ ಹುಡುಗನು ಶಾಲೆಗೆ ಬರಲಿಲ್ಲ; ಮರುವರ್ಷ ಬಿಸಿಲಿನ ದಿವಸಗಳಲ್ಲಿಯೂ ಬರಲಿಲ್ಲ. ಅದೇ ಕಾಲದಲ್ಲಿ ನನ್ನ ಮನೆಯಲ್ಲಿ ತಾಯಿಯವರು ಧಾಬಳಿಯನ್ನುಟ್ಟು ಮಡಿಯಿಂದ ನೈವೇದ್ಯದ ಅಡಿಗೆಯನ್ನು ಮಾಡುತ್ತಿದ್ದರು. ಧಾಬಳಿಯೂ ಕುರಿಯ ಉಣ್ಣೆಯೇ. ಅಡಿಗೆಮನೆಯಲ್ಲಿ ಪರಿಶುದ್ಧವಾದ ವಸ್ತುವು ಹುಡುಗನ ಹೆಗಲಿನ ಮೇಲೆ ಹೇಗೆ ಅಶುದ್ಧವಾಯಿತೆಂದು ಯಾವ ಸೂತ್ರವೂ ನನಗೆ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಂಬಳಿಯು ಈಗ ಹೊರಗಿಡುವುದಕ್ಕೂ ವಿರಳವಾಗಿದೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಸೈನ್ಯಕ್ಕೆ ಒರಟು ಕಂಬಳಿಗಳು ಬೇಕಾಗಿದ್ದುವು. ಬೇಡಿಕೆಯು ನಿಂತ ಮೇಲೆ ಮಗ್ಗಗಳು ಸಡಿಲವಾದವು. ಪಾಣಿಪತದ ಕಾರಖಾನೆಗಳು ಹಳೆಯ ಉಣ್ಣೆಬಟ್ಟೆಗಳನ್ನು ಹಿಂಜಿ ಮತ್ತೆ ನೂತು ಅಗ್ಗದ ಹೊದಿಕೆಗಳನ್ನು ಸಂತೆಗೆ ತುಂಬಿದವು. ಮಳೆಗೆ ಪ್ಲಾಸ್ಟಿಕ್ಕಿನ ಕೊಪ್ಪೆ ಬಂದಿತು. ಮಾಂಸದ ಬೆಲೆಯು ಏರಿದಂತೆ, ಉಣ್ಣೆಯಿಲ್ಲದೆ ಬರಿಯ ಕೂದಲುಳ್ಳ ಕೆಂಗುರಿಯಂಥ ಜಾತಿಗಳು ಲಾಭದಾಯಕವಾಗಿ ಕಂಡವು. ಕತ್ತರಿಸುವ ಕೂಲಿಯೂ ಹುಟ್ಟದಿರುವಾಗ ಉಣ್ಣೆಯನ್ನು ಬೇಲಿಯ ಬದಿಗೆ ಚೆಲ್ಲುವ ಕುರಿಗಾರನನ್ನು ದೂರುವುದು ನ್ಯಾಯವಲ್ಲ.

ಮೊಮ್ಮಗಳ ನೂಲಿನ ಉಂಡೆಯ ಚೀಟಿಯನ್ನು ಓದಿದೆನು. ಅಂಗಡಿಯವರು ಉಲನ್ ಎಂದು ಕೊಟ್ಟದ್ದು ಅಕ್ರಿಲಿಕ್ಕು; ೧೯೫೦ರ ಸುಮಾರಿಗೆ ವ್ಯಾಪಾರಕ್ಕೆ ಬಂದ, ಕಲ್ಲೆಣ್ಣೆಯಿಂದಾಗುವ ನೂಲು. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಆಗ ಅವಳನ್ನು ಕರೆದುಕೊಂಡು, ಹಿಂದೆ ನಾನು ಕಲಿಸಿದ ಹಳ್ಳಿಗೆ ಹೋದೆನು. ಆ ಹುಡುಗನ ಮನೆಯವರು ಊರು ಬಿಟ್ಟಿದ್ದರು. ಓಣಿಯ ಕೊನೆಯಲ್ಲಿ ಒಬ್ಬ ಮುದುಕಿಯ ಬಳಿ ಕರಿಯ ನೂಲಿನ ಒಂದು ಉಂಡೆ ಉಳಿದಿತ್ತು. ಯಾರ ಸಲುವಾಗಿ ಎಂದು ಆಕೆ ಕೇಳಲು, ಮೊಮ್ಮಗಳು ಕಾಲಕಾಲಗಳಲ್ಲಿ ಅಲೆಯುವ ತನ್ನ ನಾಯಕನ ಕಥೆಯನ್ನು ಹೇಳಿದಳು. ಮುದುಕಿಯು ಪೂರ್ತಿ ಕೇಳಿ, "ಹಂಗಾದ್ರ ಅವನೂ ಕುರಿ ಕಾಯಾಂವ ಇರಬೇಕವ್ವಾ, ಒಂದ ಕಡಿ ನಿಂದ್ರಂಗಿಲ್ಲ" ಎಂದಳು. ಹಣವನ್ನು ಮಾತ್ರ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಈಗ ಆ ಉದ್ದನೆಯ ವಸ್ತ್ರದ ತುದಿಯಲ್ಲಿ ನಾಲ್ಕು ಬೆರಳಗಲದ ಒಂದು ಕರಿಯ ಪಟ್ಟೆಯಿರುವುದು. ಅದು ಕೊರಳಿಗೆ ಚುಚ್ಚುವುದೆಂದು ಮೊಮ್ಮಗಳು ಹೇಳುವಳು. ಬಿಚ್ಚಿ ಹಾಕಲು ಮಾತ್ರ ಒಪ್ಪಳು.

ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನೂಲಬಲ್ಲ ವೃದ್ಧೆಯರೂ ಡೊಳ್ಳಿನ ಪದ ಬಲ್ಲ ಹಿರಿಯರೂ ಇನ್ನೂ ಇರುವರು. ಮಗ್ಗದ ಅಂಗಗಳ ಹೆಸರುಗಳನ್ನೂ, ಅಂಚಿನ ಪಟ್ಟೆಗಳ ಹೆಸರುಗಳನ್ನೂ, ಪದ್ಮಗೊಂಡನ ಕಥೆಯನ್ನು ತಮ್ಮ ಊರಲ್ಲಿ ಹಾಡುವ ಬಗೆಯನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ಬರೆಯಲು ಹೋಗುವಾಗ, ಅವರು ಹಾಸಿಕೊಟ್ಟ ಕಂಬಳಿಯ ಮೇಲೆಯೇ ಕುಳಿತುಕೊಳ್ಳಬೇಕೆಂದು ನನ್ನ ಪ್ರಾರ್ಥನೆ.